ಟ್ಯೂಬ್‌ಲೈಟಿನ ಕೆಳಗಿನ ಅತ್ತೆ

ಅಡುಗೆಮನೆಯ ಹಲಗೆ ನೆಲದ ಮೇಲೆ ಹಿಮ್ಮಡಿ ಮೂರು ಸಲ ಬಡಿದ ಸದ್ದಾದಾಗ ಲಾಯ್ಡ್ ಅದೇ ನೆಲದ ಕೆಳಗೆ, ಮೂರೂವರೆ ಅಡಿ ಎತ್ತರದ ನೆಲಮಾಳಿಗೆಯಲ್ಲಿ ಮೊಣಕಾಲೂರಿ ಕೂತು, ಅತ್ತೆ ಎಂದು ಕರೆಯುತ್ತಿದ್ದ ಗಿಡದ ಒಂದು ಕೊಂಬೆಯನ್ನು ಬಗ್ಗಿಸಿ ತಂತಿ ಕಟ್ಟುತ್ತಿದ್ದ. ಎಡಗೈಯಲ್ಲಿ ತಂತಿ, ಬಲಗೈಯಲ್ಲಿ ದಪ್ಪ ಕತ್ತರಿ. ಧಪ್, ಧಪ್, ಧಪ್. ಅದೇ ಹೊತ್ತಿಗೆ ಹೊರಗೆ ಜಲ್ಲಿಕಲ್ಲಿನ ಮೇಲೆ ಗಾಡಿಯೊಂದು ಬಂದು ನಿಂತಿತು. ಮುಂದಿನದನ್ನು ಕೈ ತಾನಾಗಿಯೇ ಮಾಡಿತು. ಹೆಬ್ಬೆರಳು ಗಾತ್ರದ ಬುಡಕ್ಕೆ ಕತ್ತರಿ ಹಾಕಿತು, ಕೊಂಬೆಗಳನ್ನು ತಂತಿ ಸಮೇತ ಮುದುರಿ ಗೋಣಿಚೀಲಕ್ಕೆ ತುರುಕಿತು, ದೀಪದ ಗುಂಡಿ ಒತ್ತಿ ಆರಿಸಿತು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಕತ್ತಲಲ್ಲಿ ಉಸಿರು ಹಿಡಿದು ಕೂತ ಮೇಲೆಯೇ ಅವನಿಗೆ ನೆನಪಾದದ್ದು: ಕಾನೂನು ಬದಲಾಗಿ ವರ್ಷಗಳೇ ಕಳೆದಿವೆ. ಒಂದು ಮನೆಗೆ ನಾಲ್ಕು ಗಾಂಜಾ ಗಿಡ ಯಾರು ಬೇಕಾದರೂ ಬೆಳೆಯಬಹುದು. ಪೇಟೆಯಲ್ಲಿ ಬ್ರೆಡ್ ಅಂಗಡಿಯ ಪಕ್ಕದಲ್ಲೇ ಅದರ ಅಂಗಡಿಯೂ ಇದೆ. ಅವನ ಬಳಿ ಇದ್ದದ್ದು ಒಂದೇ ಗಿಡ. ಈಗ ಅದೂ ಇಲ್ಲ.

ಹಿಮ್ಮಡಿಯ ಸನ್ನೆ ಹಳೆಯ ಕಾಲದ್ದು. ಅವರಿದ್ದ ಸ್ಲೋಕನ್ ಕಣಿವೆಯ ಮೇಲೆ ಪೊಲೀಸರ ಹೆಲಿಕಾಪ್ಟರ್ ಹಾರುತ್ತಿದ್ದ ವರ್ಷಗಳಲ್ಲಿ ಹೆಂಡತಿ ಪೋಲ್ಯಾ ಮೇಲಿನ ಕಿಟಕಿಯಲ್ಲಿ ಕಾವಲು, ಲಾಯ್ಡ್ ಕೆಳಗೆ ಕೆಲಸ. ಅಪರಿಚಿತರು ಬಂದರೆ ಮೂರು ಬಡಿತ. ಮೂರು ಕೇಳಿಸಿದರೆ ಯೋಚನೆ ಮಾಡಬಾರದು, ಕತ್ತರಿಸಬೇಕು. ಈ ಪಾಠವನ್ನು ಅವಳೇ ಅವನಿಗೆ ಬಾಯಿಪಾಠ ಮಾಡಿಸಿದ್ದಳು. ತೊಂಬತ್ತಾರರಲ್ಲಿ ಒಂದು ಮಂಗಳವಾರ ಅದೇ ಪಾಠ ಅವನನ್ನು ಜೈಲಿನಿಂದ ಉಳಿಸಿತ್ತು. ಪೊಲೀಸರು ಒಳಗೆ ಬರುವಷ್ಟರಲ್ಲಿ ಗೋಣಿಚೀಲ ಹೊಳೆಯಲ್ಲಿತ್ತು, ಲಾಯ್ಡ್ ಆಲೂಗಡ್ಡೆ ಆರಿಸುತ್ತಿದ್ದ. ಆವತ್ತು ಗಿಡ ಹೋದರೂ ತಳಿ ಉಳಿದದ್ದು ಗೆಳೆಯ ಗಾರ್ತ್‌ನ ಮನೆಯಲ್ಲಿ ಅದರ ಒಂದು ಕಡ್ಡಿ ನೆಟ್ಟಿದ್ದುದರಿಂದ. ಗಾರ್ತ್ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಮನೆಯಲ್ಲಿ ಈಗ ಯಾರೋ ಕುದುರೆ ಸಾಕುತ್ತಾರೆ.

ಗಿಡಕ್ಕೆ ಅತ್ತೆ ಎಂದು ಹೆಸರಿಟ್ಟವಳು ಪೋಲ್ಯಾ. ಹೊತ್ತಿಗೆ ಸರಿಯಾಗಿ ನೀರು, ಹೊತ್ತಿಗೆ ಸರಿಯಾಗಿ ಬೆಳಕು, ಸ್ವಲ್ಪ ಹೆಚ್ಚುಕಡಿಮೆಯಾದರೆ ಮುಖ ಬಾಡಿಸುವುದು. ಥೇಟ್ ನಿಮ್ಮಮ್ಮ ಕಣೋ, ಎಂದಿದ್ದಳು. ಲಾಯ್ಡ್‌ಗೂ ಅದು ಅತ್ತೆಯೇ ಆಗಿಹೋಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ಈ ಅತ್ತೆ ಬುಡ ಮರದಂತಾದ ಮೇಲೂ ಬಗ್ಗುತ್ತಿದ್ದಳು. ಬಗ್ಗದೆ ಗತಿಯಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕು ಮೆದು, ಗೇಣು ದೂರವಾದರೆ ಎಲೆಗೆ ಸಾಲದು. ಸೂರು ನೋಡಿದರೆ ತಲೆಗೆ ತಾಗುವಷ್ಟು ಕೆಳಗೆ. ಆದ್ದರಿಂದ ಮೇಲೇಳುವ ಪ್ರತಿ ಚಿಗುರನ್ನೂ ಪಕ್ಕಕ್ಕೆ ಎಳೆದು, ಕುಂಡದ ಅಂಚಿನ ತೂತಿಗೆ ಮೆತ್ತನೆಯ ತಂತಿಯಿಂದ ಕಟ್ಟಿ, ಗಿಡವನ್ನು ಊಟದ ಮೇಜಿನಂತೆ ಅಗಲಕ್ಕೆ ಹರಡಿಸಿದ್ದ. ಅವಿತುಕೊಂಡು ಬದುಕುವ ಕಾಲದಲ್ಲಿ ಕಲಿತ ವಿದ್ಯೆ ಅದು. ಅವಿತುಕೊಳ್ಳುವ ಕಾಲ ಹೋದರೂ ಅತ್ತೆ ಮಲಗಿಯೇ ಬೆಳೆಯುತ್ತಿದ್ದಳು.

ವರ್ಷಕ್ಕೆರಡು ಸಲ ಅವಳಿಂದ ಮೂರು ಕಡ್ಡಿ ತೆಗೆದು, ಬೇರು ಬರಿಸಿ, ಹೂ ಬಿಡಿಸಿ, ಒಣಗಿಸಿ, ಬೆಣ್ಣೆಯಲ್ಲಿ ಕಾಯಿಸಿಡುತ್ತಿದ್ದ. ಪೋಲ್ಯಾಗೆ ನರದ ಕಾಯಿಲೆ. ಒಂಬತ್ತು ವರ್ಷದಿಂದ ಕಾಲು ಸೆಟೆದು ಸೆಟೆದು ಒದ್ದುಕೊಳ್ಳುತ್ತದೆ. ರಾತ್ರಿ ಊಟದ ಮೇಲೆ ಆ ಬೆಣ್ಣೆ ಸವರಿದ ಒಂದು ಚೂರು ಬ್ರೆಡ್ ತಿಂದರೆ ಮಲಗುತ್ತಿದ್ದಳು. ಅಂಗಡಿಯದನ್ನೂ ತಂದು ನೋಡಿದ್ದರು. ಒಂದು ಜಾತಿ ಎದೆ ಹೊಡೆದುಕೊಳ್ಳುವಂತೆ ಮಾಡಿತು, ಇನ್ನೊಂದು ತಿಂದ ಮರುದಿನ ಮಗಳ ಹೆಸರೇ ಅವಳಿಗೆ ನೆನಪಾಗಲಿಲ್ಲ. ಹೀಗಾಗಿ ಅತ್ತೆಯೇ ಬೇಕು. ಹಿಂದಿನ ಬೆಳೆ ಡಬ್ಬಿಗಳಲ್ಲಿತ್ತು, ಏಪ್ರಿಲ್‌ವರೆಗೆ ಸಾಕು. ಆಮೇಲೇನು ಎಂಬುದಕ್ಕೆ ಇಷ್ಟು ದಿನ ಉತ್ತರವಾಗಿದ್ದದ್ದು ಈಗ ಗೋಣಿಚೀಲದಲ್ಲಿತ್ತು.

ಲಾಯ್ಡ್ ಮೆಟ್ಟಿಲೇರಿ ಬಂದಾಗ ಬಾಗಿಲಲ್ಲಿ ಹೆಲ್ಮೆಟ್ ಹಾಕಿದ ಹೆಂಗಸೊಬ್ಬಳು ನಿಂತಿದ್ದಳು. ವಿದ್ಯುತ್ ಕಂಪನಿಯವಳು, ಮೀಟರ್ ಬದಲಿಸಲು ಬಂದಿದ್ದಳು. ಪೋಲ್ಯಾ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೋರ್ಷ್ ಸಾರಿಗೆ ಎಲೆಕೋಸು ಹೆಚ್ಚುತ್ತಿದ್ದಳು, ಮುಖ ಬಿಳಿಚಿಕೊಂಡಿತ್ತು.

"ಯಾಕೆ ಬಡಿದೆ?" ಎಂದು ಲಾಯ್ಡ್ ಮೆಲ್ಲಗೆ ಕೇಳಿದ.

"ಯಾರು ಬಡಿದ್ರು? ಕಾಲೇ ಒದ್ಕೊಳ್ತು, ಹಾಳಾದ್ದು. ಈಗ ಬಿಡ್ತು," ಎಂದಳು ಪೋಲ್ಯಾ. ಆಮೇಲೆ ಅವನ ಕೈಯ ಮಣ್ಣನ್ನು ನೋಡಿ, "ಯಾಕೆ, ಏನಾಯ್ತು?" ಎಂದಳು.

"ಏನಿಲ್ಲ."

ಹಾಗಂದದ್ದು ಹೆದರಿಕೆಯಿಂದಲ್ಲ. ಗಿಡ ಯಾವ ಕಾಲಿಗೋಸ್ಕರ ಬೆಳೆದದ್ದೋ ಅದೇ ಕಾಲು ಗಿಡವನ್ನು ಕೊಲ್ಲಿಸಿತು ಎಂದು ಹೆಂಡತಿಗೆ ಯಾವ ಬಾಯಿಯಲ್ಲಿ ಹೇಳುವುದು? ಅವಳು ಈಗಾಗಲೇ ಆ ಕಾಲನ್ನು ಶತ್ರುವಿನಂತೆ ನೋಡುತ್ತಿದ್ದಳು.

ಕಡಿದ ಕೊಂಬೆ ಇನ್ನೂ ಹಸಿಯಾಗಿತ್ತು. ತಕ್ಷಣ ನೀರಿಗಿಟ್ಟರೆ ಉಳಿದೀತು. ಆದರೆ ಮೀಟರಿನವಳು ಹೊರಡುವ ಹಾಗೆ ಕಾಣಲಿಲ್ಲ. ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು. ಆಮೇಲೆ ಮೂಗರಳಿಸಿ ನಕ್ಕಳು.

"ಯಜಮಾನ್ರೇ, ನೀವೂ ಬೆಳೀತೀರಾ? ನಾನೂ ಬಟ್ಟೆ ಬೀರುವಲ್ಲಿ ಎರಡು ಟ್ಯೂಬ್‌ಲೈಟ್ ಹಾಕಿ ಎರಡು ಗಿಡ ಇಟ್ಟಿದೀನಿ. ಒಂದೇ ಸಮ ಮೇಲಕ್ಕೇ ಹೋಗ್ತಾವೆ. ತುದಿ ಟ್ಯೂಬಿಗೆ ತಾಗಿ ಸುಟ್ಟಿದೆ, ಬುಡದಲ್ಲಿ ಎಲೆಯೆಲ್ಲ ಹಳದಿ. ಏನು ಮಾಡ್ಲಿ?"

ಮೂವತ್ತು ವರ್ಷ ವಿದ್ಯುತ್ ಕಂಪನಿಯವರನ್ನು ಕಂಡರೆ ಲಾಯ್ಡ್‌ನ ಬೆನ್ನು ನಡುಗುತ್ತಿತ್ತು. ಬಿಲ್ಲು ಹೆಚ್ಚಾದರೆ ಮೊದಲು ಮೂಸಿ ನೋಡುವವರು ಅವರೇ. ಈಗಲೂ ಅವಳನ್ನು ಹೋಗು ಎನ್ನಲು ನಾಲಿಗೆ ಏಳಲಿಲ್ಲ. ಗಿಡ ಎಳೆಯದಾಗಿರುವಾಗಲೇ ತುದಿ ಬಗ್ಗಿಸಬೇಕು, ಒಂದೇ ದಿನಕ್ಕೆ ಎಳೆಯಬಾರದು, ದಿನಕ್ಕೆ ಬೆರಳಷ್ಟು ಎಂದು ನಿಂತಲ್ಲೇ ಪಾಠ ಹೇಳಿದ. ಅವಳು ಫೋನಿನಲ್ಲಿ ಬರೆದುಕೊಂಡಳು. ತಂತಿ ಎಂಥದ್ದು, ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಬಗ್ಗಿಸುವಾಗ ಕೊಂಬೆ ಸೀಳಿದರೆ? ಟೇಪು ಸುತ್ತು, ವಾರದಲ್ಲಿ ಗಂಟುಕಟ್ಟಿಕೊಂಡು ಮೊದಲಿಗಿಂತ ಗಟ್ಟಿಯಾಗುತ್ತದೆ, ಎಂದ. ಎಲ್ಲ ಹೇಳುವಾಗಲೂ ಕೆಳಗಿನ ಗೋಣಿಚೀಲವೇ ಅವನ ಕಣ್ಣ ಮುಂದಿತ್ತು. ಅವಳ ಗಾಡಿ ತಿರುವು ದಾಟಿದಾಗ ಮುಕ್ಕಾಲು ಗಂಟೆ ಕಳೆದಿತ್ತು.

ಚೀಲ ಸುರಿದರೆ ಎಲ್ಲ ಬಾಡಿ ಜೋತುಬಿದ್ದಿತ್ತು, ಮುಕ್ಕಾಲುಪಾಲು ಕೊಂಬೆಗಳು ತಂತಿಯ ಜೊತೆ ತಿರುಚಿ ಮುರಿದಿದ್ದವು. ಆರಿಸಿ ಆರಿಸಿ ಹನ್ನೊಂದು ತುದಿ ಸಿಕ್ಕವು. ನಾಲ್ಕಕ್ಕಿಂತ ಹೆಚ್ಚಾಯಿತಲ್ಲ ಎಂದು ಒಂದು ಗಳಿಗೆ ಅನುಮಾನ ಬಂತು. ಬೇರಿಲ್ಲದ್ದು ಗಿಡವೇ ಅಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಓರೆಯಾಗಿ ಕೊಯ್ದು, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಹನ್ನೊಂದು ಪುಟ್ಟ ಬಟ್ಟಲುಗಳಲ್ಲಿ ಊರಿದ. ಮೇಲೆ ಪಾರದರ್ಶಕ ಮುಚ್ಚಳ, ಅದರ ಮೇಲೆ ಟ್ಯೂಬ್‌ಲೈಟು. ಹತ್ತು ಹನ್ನೆರಡು ದಿನದಲ್ಲಿ ಬೇರು ಬರಬೇಕು. ಬರದಿದ್ದರೆ ಕೊಳೆಯುತ್ತದೆ.

ಅಂದಿನಿಂದ ನೆಲಮಾಳಿಗೆಗೆ ಇಳಿದರೆ ಬೇಗ ಬರುತ್ತಿರಲಿಲ್ಲ. ಹೆಂಡತಿ ಕೇಳಿದರೆ ಅತ್ತೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದ. ಎರಡನೇ ದಿನ ಪೋಲ್ಯಾಳ ಕಾಲ ಕೆಳಗೆ ಹಳೆಯ ಉಣ್ಣೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದು ಕಂಡ. ನವೆಂಬರ್ ಚಳಿಗೆ ಹಲಗೆ ತಣ್ಣಗಾಗುತ್ತದೆ ಎಂದುಕೊಂಡ. ಐದನೇ ದಿನ ಮೂರು ಕಡ್ಡಿಗಳ ಬುಡ ಕಪ್ಪಾಯಿತು. ಏಳನೇ ದಿನ ಇನ್ನೂ ನಾಲ್ಕು. ಉಳಿದ ನಾಲ್ಕು ಬಾಡಲೂ ಇಲ್ಲ, ಚಿಗುರಲೂ ಇಲ್ಲ. ಸುಮ್ಮನೆ ನಿಂತಿದ್ದವು, ಸಾಕ್ಷಿ ಹೇಳಲು ಬಂದವರ ಹಾಗೆ.

ಎಂಟನೇ ದಿನ ಬೆಳಿಗ್ಗೆಯಿಂದ ಒದ್ದೆ ಹಿಮ ಬಿದ್ದು, ಮಧ್ಯಾಹ್ನ ಎರಡಕ್ಕೆ ಎಲ್ಲೋ ದೇವದಾರು ಮರ ತಂತಿಯ ಮೇಲೆ ಉರುಳಿ ಕರೆಂಟು ಹೋಯಿತು. ಟ್ಯೂಬ್‌ಲೈಟು ಆರಿದ್ದು ದೊಡ್ಡದಲ್ಲ, ಒಂದು ದಿನದ ಕತ್ತಲೆಯನ್ನು ಕಡ್ಡಿ ತಡೆಯುತ್ತದೆ. ಆದರೆ ಬಟ್ಟಲುಗಳ ಕೆಳಗೆ ಬಿಸಿ ಕೊಡುವ ಕರೆಂಟಿನ ಚಾಪೆಯೂ ತಣ್ಣಗಾಯಿತು. ನೆಲಮಾಳಿಗೆಯ ನೀರಿನ ಬಕೆಟ್ಟಿನಲ್ಲಿ ಕೈಯಿಟ್ಟರೆ ಎಲುಬು ಕಚ್ಚುವ ಚಳಿ. ಇಡೀ ಮನೆಯಲ್ಲಿ ಬಿಸಿಯಿದ್ದದ್ದು ಒಂದೇ ಕಡೆ: ಅಡುಗೆಮನೆಯ ಸೌದೆ ಒಲೆಯ ಪಕ್ಕ, ಪೋಲ್ಯಾಳ ಕುರ್ಚಿಯ ಹತ್ತಿರ.

ಲಾಯ್ಡ್ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತ. ಕೊನೆಗೆ ನಾಲ್ಕು ಬಟ್ಟಲುಗಳನ್ನು ಬ್ರೆಡ್ ಹಿಟ್ಟು ಉಬ್ಬಲು ಇಡುವ ಬೋಗುಣಿಯಲ್ಲಿಟ್ಟು, ಮೇಲೆ ಬಟ್ಟೆ ಹೊದಿಸಿ ತಂದು, ಒಲೆಯಿಂದ ಮೊಳ ದೂರದಲ್ಲಿ ಇಟ್ಟ.

"ಹಿಟ್ಟು ನಾದಿದ್ಯಾ?" ಎಂದಳು ಪೋಲ್ಯಾ, ಹೆಣೆಯುತ್ತಿದ್ದ ಕಾಲುಚೀಲದಿಂದ ತಲೆಯೆತ್ತದೆ.

"ಹೂಂ."

"ನಲವತ್ತು ವರ್ಷದಲ್ಲಿ ಒಂದು ದಿನ ನಾದಿದವನಲ್ಲ. ಇಲ್ಲಿ ತಾ, ನೋಡೋಣ ಹೇಗಾಗಿದೆ."

ಬಟ್ಟೆ ಸರಿಸಿದಳು. ಮೊಂಡು ಎಲೆಗಳ ನಾಲ್ಕು ಕಡ್ಡಿ. ಲಾಯ್ಡ್ ನೆಲ ನೋಡುತ್ತ ನಿಂತಿದ್ದ. ನೆಲದಲ್ಲಿ ಕಂಡದ್ದು ಅವಳ ಕಾಲಡಿಯ ಕಂಬಳಿ, ನಾಲ್ಕು ಮಡಿಕೆ. ಚಳಿಗಾದರೆ ಒಂದು ಮಡಿಕೆ ಸಾಕು. ನಾಲ್ಕು ಬೇಕಾಗುವುದು ಸದ್ದು ಕೆಳಗಿಳಿಯದಿರಲಿಕ್ಕೆ.

"ನಿಂಗೆ ಗೊತ್ತಿತ್ತು," ಎಂದ.

"ನಿಮ್ಮಮ್ಮನ ಕತ್ತು ಕೊಯ್ದ ಸದ್ದು ನಂಗೆ ಕೇಳಿಸದೇ ಇರತ್ತಾ? ಹಲಗೆ ಒಂದಿಂಚು ದಪ್ಪ ಇಲ್ಲ," ಎಂದಳು ಪೋಲ್ಯಾ. "ನಾನು ಹೇಳಿಕೊಟ್ಟದ್ದೇ ತಾನೇ ನೀನು ಮಾಡಿದ್ದು. ಯೋಚನೆ ಮಾಡ್ಬೇಡ, ಕತ್ತರಿಸು ಅಂತ. ನೀನು ಹೇಳ್ತೀಯೇನೋ ಅಂತ ನಾನು ಕಾದೆ. ಕಾಲನ್ನ ಬೈಕೋತೀನಿ ಅಂತ ನೀನು ಹೇಳ್ಲಿಲ್ಲ. ನಿನ್ನ ಬೈತೀನಿ ಅಂದ್ಕೋತೀಯಾ ಅಂತ ನಾನು ಕೇಳ್ಲಿಲ್ಲ."

"ಏಳು ಹೋದವು. ಇಷ್ಟೇ ಉಳಿದಿರೋದು."

"ಹಾಗಾದ್ರೆ ಅಲ್ಲಿ ನಿಂತ್ಕೊಂಡು ಏನ್ ನೋಡ್ತೀಯಾ? ಒಲೆಗೆ ಸೌದೆ ಹಾಕು. ಅತ್ತೆ ಚಳಿ ತಡೆಯಲ್ಲ."

ಅವಳು ಬೋಗುಣಿಯನ್ನು ಮಡಿಲಿಗೆಳೆದುಕೊಂಡು, ಬೇರೆ ಕಾಲಿನ ಮೇಲೆ, ಒದೆಯದ ಕಾಲಿನ ಮೇಲೆ, ಆನಿಸಿಕೊಂಡು ಕೂತಳು. ತಮ್ಮ ಕಡೆಯ ಹಳೆಯ ರಷ್ಯನ್ ಕೀರ್ತನೆಯೊಂದನ್ನು ಗುನುಗತೊಡಗಿದಳು. ಆ ಮಧ್ಯಾಹ್ನ ಎರಡು ಸಲ ಅವಳ ಎಡಗಾಲು ಕಂಬಳಿಯನ್ನು ಒದ್ದಿತು. ಎರಡು ಸಲವೂ ಅವಳು ಬೋಗುಣಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಕಾಲು ಸುಮ್ಮನಾದ ಮೇಲೆ ಮತ್ತೆ ಇಳಿಸಿಕೊಂಡಳು. ಕತ್ತಲಾಗುವ ಮೊದಲೇ ಕರೆಂಟು ಬಂತು. ಆದರೂ ಬೋಗುಣಿ ಕೆಳಗೆ ಹೋಗಲಿಲ್ಲ. ಲಾಯ್ಡ್ ಒಂದು ಟ್ಯೂಬ್‌ಲೈಟನ್ನೇ ಬಿಚ್ಚಿ ಮೇಲೆ ತಂದು, ಅಡುಗೆಮನೆಯ ಕಪಾಟಿನ ಕೆಳಗೆ ಸರಪಳಿಯಲ್ಲಿ ತೂಗುಹಾಕಿದ. ಕಿಟಕಿಗೆ ಪರದೆ ಎಳೆಯಲು ಹೋದವನನ್ನು ಅವಳು ತಡೆದಳು. ಯಾರು ನೋಡಿದರೇನು, ನೋಡಲಿ ಬಿಡು, ಎಂದಳು.

ಹತ್ತನೇ ದಿನ ಇನ್ನೊಂದು ಕಪ್ಪಾಯಿತು. ಹನ್ನೆರಡನೇ ದಿನ ಬೆಳಿಗ್ಗೆ, ಓಟ್ಸ್ ಗಂಜಿ ಬೇಯುತ್ತಿದ್ದಾಗ, ಪೋಲ್ಯಾ ಕನ್ನಡಕ ಏರಿಸಿ ಒಂದು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು. ಬಟ್ಟಲನ್ನು ಅವನ ಕಡೆ ಚಾಚಿದಳು. ತಳದ ತೂತಿನಿಂದ ಉಗುರಿನ ಉದ್ದದ ಬಿಳಿಯ ಎಳೆಯೊಂದು ಹೊರಗಿಣುಕಿತ್ತು. ಪಕ್ಕದ ಬಟ್ಟಲಿನಲ್ಲಿ ಎರಡು ಎಳೆ. ಮೂರನೆಯದರಲ್ಲೂ ಒಂದು, ಇನ್ನೂ ಸಣ್ಣದು.

ಲಾಯ್ಡ್ ಸೌದೆ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಗಂಜಿ ತಳ ಹತ್ತಿದ ವಾಸನೆ ಇಬ್ಬರಿಗೂ ಬಂತು, ಇಬ್ಬರೂ ಏಳಲಿಲ್ಲ.

"ಮೂರು ಗಿಡ," ಎಂದಳು ಪೋಲ್ಯಾ. "ನಾಲ್ಕಕ್ಕೆ ಒಂದು ಕಡಿಮೆ. ಕಾನೂನು ಪ್ರಕಾರನೇ ಇದೆ, ಹೆದರ್ಬೇಡ."

ಒಂದು ಕಡ್ಡಿಯನ್ನು ಪೇಟೆಯಲ್ಲಿರುವ ಮಗಳು ತಾನ್ಯಾಳ ಮನೆಗೆ ಕಳಿಸುವುದೆಂದು ಅಲ್ಲೇ ನಿರ್ಧಾರವಾಯಿತು. ಗಾರ್ತ್ ಇದ್ದ ಜಾಗಕ್ಕೆ ಯಾರಾದರೂ ಬೇಕಲ್ಲ. ಇನ್ನೊಂದನ್ನು ಮೀಟರಿನವಳಿಗೆ ಕೊಡೋಣವೇ ಎಂದು ಪೋಲ್ಯಾ ಕೇಳಿದಾಗ ಲಾಯ್ಡ್ ಮೊದಲು ಮುಖ ಗಂಟಿಕ್ಕಿದ, ಆಮೇಲೆ ನಕ್ಕ. ಮೊದಲು ಅವಳು ಬಗ್ಗಿಸುವುದು ಕಲಿಯಲಿ, ಎಂದ.

ಜನವರಿಯ ಹೊತ್ತಿಗೆ ಕುಂಡದಲ್ಲಿದ್ದ ಹೊಸ ಅತ್ತೆಗೆ ಆರು ಜೊತೆ ಎಲೆ. ಲಾಯ್ಡ್ ನೆಲಮಾಳಿಗೆಯಲ್ಲಿ ಮೊಣಕಾಲೂರಿ, ಟ್ಯೂಬ್‌ಲೈಟಿನ ಕಡೆ ನೆಟ್ಟಗೆದ್ದಿದ್ದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮೊದಲ ಸಲ ಮೆಲ್ಲಗೆ ಪಕ್ಕಕ್ಕೆ ಬಾಗಿಸುತ್ತಿದ್ದ. ಬಲಗೈಯಲ್ಲಿ ಕತ್ತರಿ, ತಂತಿ ತುಂಡರಿಸಲು.

ಧಪ್, ಧಪ್, ಧಪ್.

ಅವನ ಕೈ ಗಟ್ಟಿಯಾಯಿತು. ಕತ್ತರಿಯ ಬಾಯಿ ತೆರೆದೇ ಇತ್ತು. ಸದ್ದು ಸ್ಪಷ್ಟವಾಗಿತ್ತು, ಮೇಲೆ ಕಂಬಳಿ ತೆಗೆದಿದ್ದಾಳೆ ಎಂದು ಆಗ ತಿಳಿಯಿತು. ಇದು ಕಾಲು ತಾನಾಗಿ ಒದ್ದ ಲಯವಲ್ಲ, ಬೇಕೆಂದೇ ಬಡಿದದ್ದು.

"ಟೀ ಆಗಿದೆ," ಎಂದು ಮೇಲಿನಿಂದ ಪೋಲ್ಯಾಳ ದನಿ ಬಂತು. "ಇನ್ಮೇಲೆ ಮೂರು ಅಂದ್ರೆ ಟೀ. ಕೇಳಿಸ್ತಾ, ಮುದುಕಾ?"

ಲಾಯ್ಡ್ ಕತ್ತರಿಯನ್ನು ನೆಲಕ್ಕಿಟ್ಟ. ಬಾಗಿಸಿದ್ದ ತುದಿಗೆ ತಂತಿಯ ಕುಣಿಕೆ ಹಾಕಿ, ಬೆರಳಷ್ಟೇ ಎಳೆದು ಕಟ್ಟಿ, ಮೊಣಕಾಲ ಮಣ್ಣು ಕೊಡವಿಕೊಂಡು ಮೆಟ್ಟಿಲು ಹತ್ತಿದ.