ಗೆರೆಗೆ ಸೇರದ ಚುಕ್ಕೆ

ನಾಲ್ಕು ಜನರೆದುರು ಮಾತಾಡಿದರೆ ನನ್ನ ದನಿ ಕೀರಲಾಗಿಬಿಡುತ್ತದೆ, ನಗುತ್ತಾರೇನೋ, ಇಂಥ ಹೊತ್ತಿನಲ್ಲೂ ನನಗೆ ಅದೇ ಚಿಂತೆ, ನಾಚಿಕೆಯಾಗಬೇಕು — ಮೇಜಿನಾಚೆ ದೊಡ್ಡಪ್ಪ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾರೆ, ಉಗುರಿನ ಸಂದಿಯಲ್ಲಿ ಹಿಟ್ಟು, ಇಪ್ಪತ್ತಾರು ವರ್ಷ ಈ ಹಿಟ್ಟಿನ ಗೋದಾಮು ಕಾದ ಕೈ, ಮ್ಯಾನೇಜರು ಕಾಗದ ತಿರುಗಿಸಿ ಇಲ್ಲಿ ಹಾಕಿ ಸಹಿ ಅನ್ನುತ್ತಾರೆ, ತೇವ ಅಳೆಯುವ ಯಂತ್ರದ ಪ್ರಕಾರ ಹಿಟ್ಟು ಒಣಗಿಯೇ ಇತ್ತು, ಬಾಗಿಲು ಮುಚ್ಚಲು ಮರೆತು ತೇವ ಹಿಡಿಸಿದವನು ನಾನೇ ಎಂದು ದೊಡ್ಡಪ್ಪನ ಹೆಸರಲ್ಲಿ ಬರೆದಿದೆ ಅದರಲ್ಲಿ, ಇನ್ನೂರು ಚೀಲಕ್ಕೆ ಬೂಷ್ಟು, ಸಹಿ ಬಿದ್ದರೆ ನಾಳೆಯಿಂದ ಕೆಲಸವಿಲ್ಲ, ನಿಜಕ್ಕೂ ಮರೆತಿದ್ರೇನ್ರೀ, ಮರೆತಿರಬೇಕು ಸಾರ್, ನೆನಪಿಲ್ಲ, ಆದ್ರೆ ಮೆಷೀನು ಸುಳ್ಳು ಹೇಳುತ್ತಾ, ಅದಕ್ಕೆ ಕಲಿಸಿದ್ದು ನಮ್ಮ ಹುಡುಗಿ — ಅಯ್ಯೋ ದೊಡ್ಡಪ್ಪ, ಈಗಲೂ ಹೆಮ್ಮೆಯೇ, ಕಣ್ಣಿಗೆ ಕಾಣದ ಬೆಳಕು ಬಿಟ್ಟು ಹಿಟ್ಟಿನೊಳಗಿನ ನೀರು ಲೆಕ್ಕ ಹಾಕ್ತಾಳೆ ಕಣ್ರೋ ಎಂದು ಹಮಾಲರಿಗೆಲ್ಲ ಹೇಳಿಕೊಂಡು ತಿರುಗಿದವರು.

ಕಲಿಸಿದ್ದು ನಾನೇ, ಅರವತ್ತು ಮಾದರಿ, ಒಂದೊಂದನ್ನೂ ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿ, ಇಷ್ಟು ಬೆಳಕು ಮರಳಿದರೆ ಇಷ್ಟು ನೀರು ಎಂದು ಯಂತ್ರಕ್ಕೆ ತೋರಿಸಿದೆ, ಗ್ರಾಫಿನಲ್ಲಿ ಐವತ್ತೊಂಬತ್ತು ಚುಕ್ಕೆ ಗೆರೆಗೆ ಅಂಟಿ ಕೂತವು, ಒಂದು ಮಾತ್ರ ಆಚೆ, ಒಂಟಿ, ಗೋಡೆ ಪಕ್ಕದ ಒದ್ದೆ ಚೀಲದ್ದು, ದೊಡ್ಡಪ್ಪನೇ ತಂದುಕೊಟ್ಟದ್ದು, ಇದೂ ಇರಲಿ ಮಗಾ, ಕೆಟ್ಟದ್ದನ್ನೂ ನೋಡ್ಲಿ ನಿನ್ನ ಮೆಷೀನು ಎಂದು, ನಾನೇ ತೂಕದಲ್ಲಿ ತಪ್ಪಿದೆನೇನೋ ಅಂದುಕೊಂಡು ಅಳಿಸಿದೆ, ಇಲ್ಲ, ಇದೂ ಸುಳ್ಳು, ತೂಕ ಸರಿಯಿತ್ತು, ಗೆರೆ ಚೆಂದ ಕಾಣಲೆಂದು ಅಳಿಸಿದೆ, ಆ ದಿನ ಡೈರಿಯಲ್ಲಿ ಬರೆದದ್ದು ಎರಡೇ ಪದ, ಗೆರೆ ನೇರವಾಯಿತು — ಒದ್ದೆ ಹಿಟ್ಟೆಂದರೆ ಏನೆಂದೇ ಯಂತ್ರಕ್ಕೆ ಗೊತ್ತಾಗಲಿಲ್ಲ, ಏನಿಟ್ಟರೂ ನೂರಕ್ಕೆ ಹನ್ನೆರಡು ಪಾಲು ನೀರು, ಒಣ ಹಿಟ್ಟಿನ ಲೆಕ್ಕವೇ, ಹೋದ ತಿಂಗಳು ದೊಡ್ಡಪ್ಪ ನನ್ನ ಲ್ಯಾಬಿನ ಬಾಗಿಲಲ್ಲಿ ನಿಂತು ಮುಗ್ಗಲು ವಾಸನೆ ಬರ್ತಿದೆ ಮಗಾ, ಒಂದ್ಸಲ ನೋಡು ಅಂದರು, ನೋಡಿದೆ, ಹನ್ನೆರಡು, ಹೋಗ್ಲಿ ಬಿಡು, ಮೂಗಿಗೂ ವಯಸ್ಸಾಯ್ತು ಎಂದು ನಕ್ಕು ಹೋದರು, ಆ ಸಂಜೆ ಅದೇ ಹಿಟ್ಟನ್ನು ಒಲೆಗಿಟ್ಟು ತೂಗಿದೆ, ಹದಿನಾರು, ಯಾರಿಗೂ ಹೇಳಲಿಲ್ಲ, ನಾಳೆ ಹೇಳುತ್ತೇನೆ, ನಾಳೆ, ಮೂವತ್ತು ನಾಳೆಗಳು — ಪೆನ್ನು ಕಾಗದದ ಮೇಲಿದೆ, ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಾರೆ, ಅಪ್ಪ ಹೋದ ಮೇಲೆ ನನ್ನ ಶಾಲೆಯ ಅರ್ಜಿಗೆಲ್ಲ ಸಹಿ ಮಾಡಿದ ಅದೇ ಕೈ, ಪೆನ್ನಿನ ಮೊನೆ, ಬರೀ ಮೊನೆ, ಬಾಯಿ ತೆರೆದೆ, ಎಲ್ಲರೂ ತಿರುಗಿದರು —

ದೊಡ್ಡಪ್ಪಾ, ಹಾಕ್ಬೇಡಿ. ನಿಮ್ಮ ಮೂಗು ಸರಿಯಾಗೇ ಇತ್ತು. ನಂಗೆ ಗೊತ್ತಿತ್ತು.