ಅರ್ಧ ಬಿಲ್ಲೆ

ಮೌಲಾಲಿಗೆ ಎರಡು ವಯಸ್ಸಿದ್ದವು. ಮನೆಯಲ್ಲಿ ಐವತ್ತು, ಕಂಪನಿಯಲ್ಲಿ ಐವತ್ತಾರು. ಮೊಣಕಾಲಿನ ಲೆಕ್ಕ ಬೇರೆ. ಅದಕ್ಕೆ ಎಪ್ಪತ್ತು ದಾಟಿತ್ತು.

ಶಹಾಬಾದಿನ ಆಚೆಯ ಫರಸಿ ಕಲ್ಲಿನ ಖಣಿಯಲ್ಲಿ ಅವನು ಮೂವತ್ತೆಂಟು ವರ್ಷದಿಂದ ಕುಕ್ಕರಗಾಲಲ್ಲಿ ಕುಳಿತು ಪದರು ಬಿಡಿಸುತ್ತಿದ್ದ. ಉಳಿ ಇಡುವುದು, ಸುತ್ತಿಗೆಯಿಂದ ಬಡಿಯುವುದು, ಕಲ್ಲಿನ ದನಿ ಕೇಳುವುದು. ದನಿ ಬದಲಾಯಿತೆಂದರೆ ಪದರು ಬಿಟ್ಟಿತು ಅಂತ. ಬಿಟ್ಟ ಹಾಸುಗಲ್ಲನ್ನು ನಾಲ್ಕು ಮಂದಿ ಎತ್ತಿ ಲಾರಿಗೆ ಹಾಕಬೇಕು. ಬೇಸಗೆಯಲ್ಲಿ ಖಣಿಯ ತಳ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಚಪ್ಪಲಿಯ ಅಡಿಗೆ ಹಳೇ ಟೈರು ಹೊಲಿಸಿಕೊಂಡವರ ಪಾದ ಉಳಿಯುತ್ತಿತ್ತು. ಮಧ್ಯಾಹ್ನ ರೊಟ್ಟಿ ಬಿಚ್ಚಿದರೆ ಅದರ ಮೇಲೆ ಕಲ್ಲಿನ ಪುಡಿ ತೆಳ್ಳಗೆ ಕೂರುತ್ತಿತ್ತು.

"ಉಪ್ಪು ಹಾಕೋದ ಬಿಟ್ಟುಬಿಡು ಅಂತ ಅಮೀರ್‌ಬೀಗಿ ಹೇಳೋ ಮೌಲ್ಯಾ. ಕಂಪನಿ ಪುಕ್ಕಟ ಕೊಡ್ಲಿಕತ್ತದ" ಎನ್ನುತ್ತಿದ್ದ ಭಗವಂತ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಅವನಿಗೂ ಎರಡು ವಯಸ್ಸಿದ್ದವು.

ಎಪ್ಪತ್ತೆಂಟನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಮೌಲಾಲಿಗೆ ಟೈಮ್ ಆಫೀಸಿನಿಂದ ಕರೆ ಬಂತು. ಗುಮಾಸ್ತ ಮಡಿವಾಳಯ್ಯ ಸಭ್ಯ ಮನುಷ್ಯ. ಬೆಳಿಗ್ಗೆ ಹಚ್ಚಿದ ವಿಭೂತಿ ಸಂಜೆಯವರೆಗೂ ಅಳಿಸದಷ್ಟು ನೆರಳಿನಲ್ಲಿ ಕೂರುವವನು.

"ಕುಂದ್ರೋ ಮೌಲಾಲಿ. ನಿಂತಗೊಂಡು ಕೇಳೋ ಮಾತಲ್ಲ."

"ನಿಂದರ್ತೀನ್ರಿ ಅಯ್ನೋರೆ. ಕುಂತ್ರ ಎಬ್ಬಸ್ಲಿಕ್ಕಿ ಇಬ್ಬರು ಬೇಕಾಗ್ತಾರ."

"ಅದಕ್ಕೇ ಕರ್ಸೀನಿ. ಕಂಪನಿ ಕಲ್ಲು ಕೊಯ್ಯೋ ಮಶೀನು ತರ್ಲಿಕತ್ತದ. ಐವತ್ತೈದು ದಾಟಿದವರು ಈಗೇ ಸ್ವಖುಷಿಲೆ ಕೆಲಸ ಬಿಟ್ರ ಗ್ರ್ಯಾಚುಯಿಟಿ, ಪಿ.ಎಫ್., ಅದರ ಮ್ಯಾಲ ಆರ್ ತಿಂಗಳ ಪಗಾರ. ಈ ತಿಂಗಳ ಕಡೀ ದಿನ ಬಂದು ಈ ಫಾರಂಗ ಅಂಗೂಠಾ ಹಚ್ಚು. ಆರಾಮ ಮನ್ಯಾಗ ಇರು."

"ಹಚ್ಚಲಿಲ್ಲಂದ್ರ?"

"ಎರಡ ವರ್ಷಕ್ಕ ಐವತ್ತೆಂಟು ತುಂಬ್ತದ. ಆವಾಗ ಕಂಪನಿನೇ ಇಳಸ್ತದ. ಮ್ಯಾಲಿನ ಆರ್ ತಿಂಗಳಿಂದು ಸಿಗಂಗಿಲ್ಲ."

"ಆವಾಗ ಇಳದ್ರ ನನ್ನ ಜಾಗ ಮಗ ಚಾಂದಗ ಸಿಗ್ತದಲ್ರೀ?"

ಪೂರಾ ವಯಸ್ಸಿಗೆ ಇಳಿದವನ ಜಾಗ ಹದಿನೆಂಟು ತುಂಬಿದ ಮಗನಿಗೆ. ಇದು ಖಣಿಯ ಹಳೇ ರಿವಾಜು. ಮಡಿವಾಳಯ್ಯ ಫೈಲಿನ ಹಾಳೆ ತಿರುವಿದ.

"ಸಾಲೀ ದಾಖಲಾ ಪ್ರಕಾರ ಚಾಂದಗ ಈಗ ಹದಿನೈದು. ಎರಡ ವರ್ಷಕ್ಕ ಹದಿನೇಳು. ಒಂದ ವರ್ಷ ಕಮ್ಮಿ ಬೀಳ್ತದಲ್ಲೋ."

"ಅವಂಗ ಖರೇ ಅಂದ್ರ ಈಗೇ ಹದಿನೇಳ್ರಿ. ಮಾಸ್ತರಿಗಿ ಎರಡು ಕಮ್ಮಿ ಬರೀರಿ ಅಂತ ನಾನೇ ಹೇಳಿದ್ದೆ."

ಓಣಿಯ ಎಲ್ಲ ಅಪ್ಪಂದಿರೂ ಹಾಗೇ ಹೇಳಿದ್ದರು. ಮಗ ಒಂದೆರಡು ಸಲ ನಪಾಸಾದರೂ ಸರ್ಕಾರಿ ನೌಕರಿಯ ವಯಸ್ಸು ಮೀರಬಾರದು ಎಂಬ ಆಸೆ. ಮಾಸ್ತರರು ಕೇಳುವ ಮೊದಲೇ ಎರಡು ಕಳೆದು ಬರೆಯುತ್ತಿದ್ದರು.

"ಮತ್ತ, ನಂದೂ ಐವತ್ತಾರು ಅಲ್ರಿ" ಎಂದ ಮೌಲಾಲಿ. "ಐವತ್ತು."

ಮಡಿವಾಳಯ್ಯ ಕನ್ನಡಕ ತೆಗೆದು ನಕ್ಕ. "ಅಂದ್ರ ಮಗ ಎರಡ ವರ್ಷ ದೊಡ್ಡಾಂವ, ಅಪ್ಪ ಆರ್ ವರ್ಷ ಸಣ್ಣಾಂವ. ಇನ್ನ ಜರಾ ಬಿಟ್ರ ಇಬ್ಬರೂ ಅಣ್ಣತಮ್ಮ ಆಗ್ತೀರಿ." ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದ: "ಮಗನ ವಯಸ್ಸು ಸುಳ್ಳು ಬರೆಸಿದಾಂವ ತನ್ನ ವಯಸ್ಸು ಖರೇ ಹೇಳ್ತೀನಿ ಅಂದ್ರ ಯಾರ್ ನಂಬ್ತಾರೋ?"

ಮೌಲಾಲಿ ಟೇಬಲ್ಲಿನ ಮೇಲಿದ್ದ ಫಾರಂ ಎತ್ತಿಕೊಂಡ. ಮಾತು ಸರಿಯಿತ್ತು. ಒಂದು ಸುಳ್ಳು ಅವನದೇ. ಯಾರಿಗಾಗಿ ಹೇಳಿದ್ದೆಂದೂ ಅವನಿಗೆ ಗೊತ್ತಿತ್ತು. ಇನ್ನೊಂದು ಸುಳ್ಳು ಯಾರಿಗಾಗಿ ಎಂದು ಮೂವತ್ತೆಂಟು ವರ್ಷದಲ್ಲಿ ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಫಾರಂ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದ.

ಮನೆಯೆಂದರೆ ಕಂಪನಿಯ ಲೈನಿನಲ್ಲಿ ಒಂದು ಕೋಣೆ, ಮುಂದೆ ಒಂದು ಕಟ್ಟೆ. ಹೆಂಡತಿ ಅಮೀರ್‌ಬೀ ಕಟ್ಟೆಯ ಮೇಲೆ ಕುಳಿತು ಆಡು ಹಿಂಡುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳು ಹಿಂಡುವುದು ನಿಲ್ಲಿಸಲಿಲ್ಲ.

"ಅಜೀ, ಈಗ ಇಳದ್ರ ಕೋಣಿ?"

"ಮೂರ ತಿಂಗಳದಾಗ ಬಿಡಬೇಕು."

"ಆರ್ ತಿಂಗಳ ಪಗಾರ ಆರ್ ತಿಂಗಳ ತಿಂತೀವಿ. ಏಳನೇ ತಿಂಗಳಿಗಿ ಮೆಹತಾಬಗ ಹನ್ನೊಂದೇ ಇರ್ತದ, ನೂರಜಹಾನಗ ಆರೇ ಇರ್ತದ. ಹುಡುಗ್ಯಾರು ಕಂಪನಿ ಬರದಂಗ ಬೆಳ್ಯಂಗಿಲ್ಲ."

"ಎರಡ ವರ್ಷ ತಡದ್ರೂ ಚಾಂದಗ ಜಾಗ ಇಲ್ಲ. ಮ್ಯಾಲಿನ ರೊಕ್ಕನೂ ಇಲ್ಲ."

"ನಿಮ್ಮ ಆರ್ ವರ್ಷ ನಿಮಗ ಬಂದ್ರ?"

"ಬಂದ್ರ ಇನ್ನೂ ಎಂಟ ವರ್ಷ ದುಡೀತೀನಿ. ಅಷ್ಟರಾಗ ಚಾಂದಗ ಕಾಗದದಾಗೂ ಹದಿನೆಂಟು ದಾಟ್ತದ. ಮೆಹತಾಬ್ ಮೆಟ್ರಿಕ್ ಮುಗಿಸ್ತಾಳ."

"ಹಂಗಾದ್ರ ಅದೇ ಬೇಕು ನಮಗ" ಎಂದಳು ಅಮೀರ್‌ಬೀ, ಅಂಗಡಿಯಲ್ಲಿ ಕುಬಸದ ಬಟ್ಟೆ ಆರಿಸಿದವಳಂತೆ. "ಆ ಆರ್ ವರ್ಷ ಎಲ್ಲಿ ಹೋದ್ವು, ಮೊದಲ ಅದ ಹೇಳ್ರಿ."

ಮದುವೆಯಾದಾಗಿನಿಂದ ಹೇಳದ ಕಥೆಯನ್ನು ಅವನು ಆವತ್ತು ಹೇಳಿದ. ನಿಜಾಮರ ಕಾಲ. ಅವನಿಗೆ ಹನ್ನೆರಡು. ಖಣಿಯಲ್ಲಿ ಹನ್ನೊಂದು ಹುಡುಗರು ಹೊಸದಾಗಿ ಸೇರಿದ್ದರು. ಹೈದರಾಬಾದಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದು ಸುದ್ದಿ. ಹಳೇ ಗುಮಾಸ್ತ ಹುಡುಗರನ್ನು ಸಾಲಾಗಿ ನಿಲ್ಲಿಸಿದ, ಹನ್ನೊಂದು ಹೆಸರಿನ ಮುಂದೆಯೂ ಹದಿನೆಂಟು ಎಂದು ಬರೆದ. ಕೇಳಿದರೆ ಅಠರಾ ಅನ್ನಬೇಕು ಎಂದು ಪಾಠ ಹೇಳಿದ. ಭಗವಂತನ ಹಾಲುಹಲ್ಲೊಂದು ಅಲ್ಲಾಡುತ್ತಿತ್ತು. "ಅಠರಾ" ಎನ್ನುವಾಗ ಅದು ಕಿತ್ತು ಬಂತು. ಇನ್‌ಸ್ಪೆಕ್ಟರ್ ಕಾರು ಹತ್ತುವವರೆಗೂ ಅದನ್ನು ದವಡೆಯಲ್ಲೇ ಇಟ್ಟುಕೊಂಡಿದ್ದ.

"ಸಾಹೇಬರು ಹೋದ ಮ್ಯಾಲ ಹಿತ್ತಾಳಿ ಹಾಜರಿ ಬಿಲ್ಲೆ ಕೊಟ್ರು. ದೊಡ್ಡವರಿಗಿ ದುಂಡಂದು, ನಮಗ ನಡುವ ಕತ್ತರಿಸಿದ್ದು. ಅರ್ಧ ಬಿಲ್ಲೆ, ಅರ್ಧ ಕೂಲಿ. ಮೀಸಿ ಮೂಡೋತನ, ಆರ್ ವರ್ಷ."

ಅಮೀರ್‌ಬೀಯ ಕೈ ನಿಂತಿತು.

"ಹದಿನೆಂಟು ಅಂತ ಬರದ ಮ್ಯಾಲ ಅರ್ಧ ಕೂಲಿ ಯಾಕ ಕೊಟ್ರು?"

ಹಿಂಡುವುದು ಅರ್ಧಕ್ಕೇ ನಿಂತದ್ದಕ್ಕೆ ಬೇಸತ್ತ ಆಡು ಕತ್ತು ಕೊಡವಿತು. ಕೊರಳಲ್ಲಿ ಠಣ್ ಎಂದಿತು.

ಓಣಿಯ ಆಡುಗಳಲ್ಲಿ ತನ್ನದು ಗುರುತು ಸಿಗಲೆಂದು ಅವಳೇ ಕಟ್ಟಿದ್ದ ಹಿತ್ತಾಳೆಯ ತುಂಡು ಅದು. ಮೌಲಾಲಿ ಬಗ್ಗಿ ಹೆಬ್ಬೆರಳಿನಿಂದ ಒರೆಸಿದ. ಮುನ್ನೂರಾ ಹದಿನೇಳು. ಜೇಬಿನಿಂದ ದುಂಡನೆಯ ಬಿಲ್ಲೆ ತೆಗೆದ. ಅದೂ ಮುನ್ನೂರಾ ಹದಿನೇಳು. ಸೇರಿದ ದಿನ ಕೊಟ್ಟ ನಂಬರನ್ನು ಕಂಪನಿ ಯಾರಿಗೂ ಬದಲಿಸುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ಅವನು ಅರ್ಧ ಬಿಲ್ಲೆಯನ್ನು ಭಗವಂತನ ಮುಂದಿಟ್ಟ. ಭಗವಂತನ ಜೇಬಿನಲ್ಲೂ ಅಂಥದೇ ಒಂದು ಫಾರಂ ಇತ್ತು. ಅವನು ತುತ್ತು ನುಂಗುವುದನ್ನೇ ಮರೆತ.

"ನಂದು ನಾಲವಾರದಾಗ ಅದ" ಎಂದ ಕೊನೆಗೆ. "ನಮ್ಮವ್ವ ಅದರಲೆ ಹಾಲಿನ ಗಡಿಗಿ ಕೆರೀತಿದ್ದಳು. ಮಗಳ ಮದಿವ್ಯಾಗ ಗಡಿಗಿ ಜತೀನೇ ಹೋಗ್ಯದ."

"ತರ್ತೀ?"

"ರೈಲ ಚಾರ್ಜು ಯಾರ್ ಕೊಡ್ತಾರ, ನಿನ್ನ ಆಡ?"

ಆದರೆ ರವಿವಾರ ಅವನೇ ರೈಲು ಹತ್ತಿದ. ಬಿಲ್ಲೆ ಕೊಡಲು ಮಗಳು ಒಪ್ಪಲಿಲ್ಲವಂತೆ. ಅಜ್ಜಿಯ ನೆನಪೆಂದು ಅತ್ತಳಂತೆ. ಕಡೆಗೆ ಬದಲಿಗೆ ಸ್ಟೀಲಿನ ಚಮಚ ಕೊಡಿಸಿ ಬಿಲ್ಲೆ ತಂದಿದ್ದ. ಹನ್ನೊಂದು ಮಂದಿಯಲ್ಲಿ ನಾಲ್ವರು ತೀರಿಹೋಗಿದ್ದರು. ಇವರಿಬ್ಬರನ್ನು ಬಿಟ್ಟು ಉಳಿದ ಐದೂ ಮನೆಗಳಲ್ಲಿ ಆ ವಾರ ಟ್ರಂಕು, ಅಟ್ಟ, ದೇವರ ಗೂಡು ಎಲ್ಲ ತಡಕಾಡಿದರು. ಒಬ್ಬನದು ಬಾಗಿಲಿನ ಸಂದಿಗೆ ಬೆಣೆಯಾಗಿತ್ತು. ಅದನ್ನು ಕಿತ್ತ ಮೇಲೆ ಅವನ ಮನೆ ಬಾಗಿಲು ಮುಚ್ಚುತ್ತಿರಲಿಲ್ಲ.

ತಿಂಗಳ ಕಡೆಯ ದಿನ ಮಡಿವಾಳಯ್ಯ ಟೇಬಲ್ಲಿನ ಮೇಲೆ ಹೆಬ್ಬೆಟ್ಟು ಒತ್ತುವ ಶಾಯಿಯ ಪ್ಯಾಡು ತೆರೆದಿಟ್ಟಿದ್ದ. ಮೌಲಾಲಿ ಫಾರಂ ಇಟ್ಟ. ಅದರ ಮೇಲೆ ದುಂಡನೆಯ ಬಿಲ್ಲೆ ಇಟ್ಟ. ಅದರ ಪಕ್ಕ ಅರ್ಧ ಬಿಲ್ಲೆ ಇಟ್ಟ.

"ಇದೇನೋ?"

"ನನ್ನ ಜನ್ಮದಾಖಲಾ ರೀ. ನಿಮ್ಮ ಕಂಪನಿದೇ ಅದ, ನೋಡ್ರಿ ನಂಬರು."

ಮಡಿವಾಳಯ್ಯ ನೋಡಿದ. ತಿರುಗಿಸಿ ನೋಡಿದ. ಅರ್ಧ ಬಿಲ್ಲೆ ಯಾರಿಗೆ ಕೊಡುತ್ತಿದ್ದರೆಂದು ಅವನಿಗೂ ಗೊತ್ತಿತ್ತು.

"ಸೇರಿದಾಗ ನನಗ ಹದಿನೆಂಟಿತ್ತು ಅಂದ್ರ ಆರ್ ವರ್ಷದ ಅರ್ಧ ಕೂಲಿ ಬಾಕಿ ಅದ, ಕೊಡ್ರಿ. ಹನ್ನೆರಡಿತ್ತು ಅಂದ್ರ ನನ್ನ ಆರ್ ವರ್ಷ ವಾಪಸ್ ಕೊಡ್ರಿ. ಎರಡರಾಗ ಯಾವುದ ಕೊಟ್ರೂ ನಡೀತದ. ನಾ ಜಿದ್ದ ಮಾಡಂಗಿಲ್ಲ."

"ಮಗನ ವಯಸ್ಸು ಸುಳ್ಳು ಬರೆಸಿದಾಂವ ನೀನು..."

"ಹೌದ್ರಿ, ಬರ್ಸೀನಿ. ನನ್ನ ಮಗ ಊಟ ಮಾಡ್ಲಿ ಅಂತ ಬರ್ಸೀನಿ. ನನ್ನ ವಯಸ್ಸು ಯಾರ್ ಊಟ ಮಾಡ್ಲಿ ಅಂತ ಬರದ್ರಿ?"

ಮಡಿವಾಳಯ್ಯ ಡ್ರಾವರು ಎಳೆದು, ಅರ್ಧ ಬಿಲ್ಲೆಯತ್ತ ಕೈ ಚಾಚಿದ.

"ಇದು ಕಂಪನಿ ಮಾಲು. ಇಲ್ಲೇ ಇರ್ಲಿ. ಮ್ಯಾನೇಜರಿಗಿ ತೋರಸ್ತೀನಿ."

ಅಷ್ಟರಲ್ಲಿ ಮೌಲಾಲಿಯ ಅಂಗೈ ಬಿಲ್ಲೆಯ ಮೇಲಿತ್ತು. ಕೈಯ ಮೇಲೆ ಕಲ್ಲಿನ ಗಾಯಗಳಿದ್ದವು.

"ಆಡಿನ ಮಾಲು ರೀ ಅದು. ಮೂರ ವರ್ಷದಿಂದ ಅದರ ಕೊಳ್ಳಾಗ ಅದ. ಅದಕ್ಕ ಕೇಳದ ನಾ ಕೊಡಂಗಿಲ್ಲ. ಸಾಹೇಬ್ರಿಗಿ ನೋಡಬೇಕಿದ್ರ ಕರೀರಿ, ನಾನೇ ತೋರಸ್ತೀನಿ."

ಹೊರಗೆ ಯಾರೋ ನಕ್ಕರು. ಮಡಿವಾಳಯ್ಯ ಕಿಟಕಿಯಾಚೆ ನೋಡಿದ. ವರಾಂಡದಲ್ಲಿ ಆರು ಮಂದಿ ಸಾಲಾಗಿ ನಿಂತಿದ್ದರು, ಚಿಕ್ಕವರಿದ್ದಾಗ ನಿಂತ ಹಾಗೆಯೇ. ಎಲ್ಲರ ಅಂಗಿಯ ಮೇಲೂ ದಾರಕ್ಕೆ ಕಟ್ಟಿದ ಅರ್ಧ ಬಿಲ್ಲೆ ತೂಗುತ್ತಿತ್ತು. ಅವರ ಹಿಂದೆ, ಮಧ್ಯಾಹ್ನದ ಭೋಂಗಾ ಕೂಗಿದ್ದರೂ ಖಣಿಗೆ ಇಳಿಯದೆ, ಉಳಿದ ಕೂಲಿಗಳು ಬಿಸಿಲಲ್ಲೇ ಕುಳಿತಿದ್ದರು. ಅವರ ಹೆಂಗಸರೂ ಬಂದಿದ್ದರು. ಅಮೀರ್‌ಬೀ ಆಡನ್ನೂ ಹಿಡಿದುಕೊಂಡು ಬಂದಿದ್ದಳು.

ಮಡಿವಾಳಯ್ಯ ಡ್ರಾವರು ಮುಚ್ಚಿದ. ಫಾರಂ ಬದಿಗೆ ಸರಿಸಿದ. ಒಂದು ಬಿಳಿ ಹಾಳೆ ತೆಗೆದುಕೊಂಡ. ಪೆನ್ನಿನ ಕ್ಯಾಪು ಬಿಚ್ಚಿದ.

"ಹೆಡ್ ಆಫೀಸಿಗಿ ಬರೀತೀನಿ. ಹೆಸರು?"

"ಮೌಲಾಲಿ."

"ವಯಸ್ಸು?"

"ಅದ ನೀವ ಹೇಳ್ರಿ ಅಯ್ನೋರೆ. ನೀವ ಹೇಳಿದ ಮ್ಯಾಲೇ ನಾ ಅಂಗೂಠಾ ಹಚ್ಚೋದು."

ಪೆನ್ನು ಹಾಳೆಯ ಮೇಲೆ ನಿಂತಿತು. ಫ್ಯಾನಿನ ಗಾಳಿಗೆ ಪ್ಯಾಡಿನ ಶಾಯಿ ಒಣಗುತ್ತಿತ್ತು. ಬಾಗಿಲಲ್ಲಿ ನಿಂತ ಭಗವಂತ ಬೊಚ್ಚುಬಾಯಿ ತೆರೆದು ಒಳಗೆ ಇಣುಕಿದ.

"ಜಲ್ದಿ ಹೇಳ್ರೀ ಅಯ್ನೋರೆ. ಇವನ ಹಿಂದ ಇನ್ನಾ ಆರು ಹದಿನೆಂಟು ನಿಂತಾವ."