ನಾಲ್ಕು ವಾರದ ವ್ಯತ್ಯಾಸ

"ಇನ್ನೊಂದು ಸಲ ಉಸಿರು ಬಿಗಿಹಿಡೀರಿ," ಎಂದು ಡಾಕ್ಟರು ಸ್ಕ್ಯಾನಿಂಗ್ ಮೆಷಿನ್ನಿನ ಹಿಡಿಯನ್ನು ಅವಳ ಹೊಟ್ಟೆಯ ಎಡಬದಿಗೆ ಒತ್ತಿದರು. ಮೂರನೆಯ ಸಲವೂ ಅದೇ ಜಾಗ. ತೆರೆಯ ಮೇಲೆ ಬೂದುಬಣ್ಣದ ದುಂಡನೆಯ ನೆರಳೊಂದು ನಿಂತಿತು, ಅದರ ಸುತ್ತ ಚುಕ್ಕಿಗಳ ಬಳೆ ಮೂಡಿತು, ಬಳೆಯ ಕೆಳಗೆ ಅಂಕಿ ಬಂತು. ಡಾಕ್ಟರು ಅದನ್ನು ಅಳಿಸಿ ಮತ್ತೆ ಅಳೆದರು. ಬಂದ ಅಂಕಿ ಹೆಚ್ಚುಕಮ್ಮಿ ಮೊದಲಿನದೇ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವ ಕೆಲಸ ಮಾಡುವವಳು. ಒಂದೇ ಜಾಗವನ್ನು ಮೂರು ಸಲ ಯಾವಾಗ ಅಳೆಯುತ್ತಾರೆ ಎಂಬುದನ್ನು ಅವಳಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ತಲೆಯ ಕಡೆ ಸ್ಟೂಲಿನ ಮೇಲೆ ಅವಳ ಅತ್ತೆ ಕೂತಿದ್ದರು. ಮೂವತ್ತು ವರ್ಷ ಇಸ್ತ್ರಿ ಅಂಗಡಿ ನಡೆಸಿದ ಹೆಂಗಸು. ಬೀದಿಯ ಆ ಬದಿಯ ಗಿರಾಕಿಯನ್ನು ಈ ಬದಿಯಿಂದಲೇ ಮಾತಾಡಿಸಿ ರೂಢಿಯಾದ ಗಂಟಲು ಅವರದು.

"ಮೂಗು ಯಾರ ಥರ ಇದೆ ಡಾಕ್ಟ್ರೇ? ನನ್ನ ಮಗನ ಥರ ಇದ್ರೆ ಈಗ್ಲೇ ಹೇಳ್ಬಿಡಿ, ಮನಸ್ಸು ಗಟ್ಟಿ ಮಾಡ್ಕೋತೀನಿ."

ಬಾಗಿಲ ಬಳಿ ನಿಂತಿದ್ದ ನರ್ಸ್ ನಕ್ಕಳು. ಡಾಕ್ಟರು ನಗಲಿಲ್ಲ. ಹಿಡಿಯನ್ನು ಕೆಳಗಿಟ್ಟು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು.

"ಕೊನೇ ಪೀರಿಯಡ್ಸ್ ಅಂತ ಒಂದು ತಾರೀಕು ಹೇಳಿದ್ರಲ್ಲ, ಅದು ಗ್ಯಾರಂಟಿನಾ?"

"ಅಂದಾಜು," ಎಂದಳು ಅವಳು.

"ಇವಳ್ದು ಯಾವತ್ತು ಸರಿಯಾಗಿತ್ತು ಬಿಡಿ," ಅತ್ತೆ ನಡುವೆ ಬಾಯಿ ಹಾಕಿದರು. "ಒಂದ್ಸಲ ಐದು ವಾರಕ್ಕೆ ಬರತ್ತೆ, ಒಂದ್ಸಲ ಎರಡು ತಿಂಗಳಾದ್ರೂ ಪತ್ತೆ ಇರಲ್ಲ. ಬರೋ ಮನಸ್ಸಾದಾಗ ಬರೋ ನಮ್ಮನೆ ನಲ್ಲಿ ನೀರಿನ ಥರ."

"ಮೊದಲ ಮೂರು ತಿಂಗಳಲ್ಲಿ ಒಂದೂ ಸ್ಕ್ಯಾನ್ ಮಾಡಿಸ್ಲಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಒಂದೂವರೆ ವರ್ಷದ ಹಿಂದೆ, ಮೊದಲ ಸಲ ಬಸಿರಾದಾಗ, ಇಂಥದೇ ಕತ್ತಲೆ ಕೋಣೆಯಲ್ಲಿ, ಇಂಥದೇ ತೆರೆಯ ಮುಂದೆ, ಎದೆಬಡಿತ ಕಾಣ್ತಾ ಇಲ್ಲಮ್ಮ ಎಂದು ಒಬ್ಬರು ಮೆಲ್ಲಗೆ ಹೇಳಿದ್ದರು. ಈ ಸಲ ವಾಂತಿ ಶುರುವಾದ ಮೇಲೂ, ಒಳಗೆ ಕಾಲು ಆಡಿದ ಮೇಲೂ, ಬಡಾವಣೆಯ ದಾದಿಯ ಹತ್ತಿರ ಬಿಪಿ ನೋಡಿಸಿಕೊಂಡು ಬರುತ್ತಿದ್ದಳೇ ಹೊರತು ಆ ತೆರೆಯ ಮುಂದೆ ಮಲಗುವ ಧೈರ್ಯ ಬಂದಿರಲಿಲ್ಲ. ಹೊಟ್ಟೆ ಯಾಕೋ ಮುಂದಕ್ಕೇ ಬರುತ್ತಿಲ್ಲ ಎಂದು ದಾದಿಯೇ ಗದರಿಸಿ ಇಲ್ಲಿಗೆ ಕಳಿಸಿದ್ದಳು.

"ಆಗ ಮಾಡ್ಸಿದ್ರೆ ಈಗ ಇಷ್ಟು ತಲೆ ಕೆಡಿಸ್ಕೊಳ್ಳೋ ಹಾಗೇ ಇರ್ಲಿಲ್ಲ," ಎಂದರು ಡಾಕ್ಟರು. ಗದರಿಕೆಯ ಧಾಟಿ ಇರಲಿಲ್ಲ. "ಶುರುವಿನಲ್ಲಿ ಎಲ್ಲಾ ಮಕ್ಕಳೂ ಒಂದೇ ಸಮ ಬೆಳೀತವೆ. ಉದ್ದ ಅಳೆದ್ರೆ ವಯಸ್ಸು ಹೇಳ್ಬಹುದು. ಆಮೇಲಾಮೇಲೆ ಒಂದೊಂದು ಒಂದೊಂದು ಥರ. ಈಗ ಅಳತೆ ನೋಡಿ ವಾರ ಹೇಳೋದು ಅಂದ್ರೆ, ಎತ್ತರ ನೋಡಿ ವಯಸ್ಸು ಹೇಳಿದ ಹಾಗೆ."

ಮೇಜಿನಿಂದ ಅವರು ಒಂದರ ಮೇಲೊಂದು ತಿರುಗುವ ಎರಡು ದುಂಡನೆಯ ರಟ್ಟಿನ ಬಿಲ್ಲೆಗಳನ್ನು ತೆಗೆದುಕೊಂಡರು. ಹೊರಗಿನದರಲ್ಲಿ ತಿಂಗಳು, ತಾರೀಕು, ಒಳಗಿನದರಲ್ಲಿ ವಾರಗಳು. "ನಿಮ್ಮ ತಾರೀಕಿನ ಪ್ರಕಾರ ಮೂವತ್ತೆರಡು ವಾರ ಆಗಿರ್ಬೇಕು. ಮಗು ಅಳತೆ ಇಪ್ಪತ್ತೆಂಟರದ್ದು. ನಾಲ್ಕು ವಾರದ ವ್ಯತ್ಯಾಸ. ಪೀರಿಯಡ್ಸ್ ಏರುಪೇರು ಅಂತೀರಿ. ಹಾಗಾದ್ರೆ ಬಸಿರು ನಿಂತಿದ್ದೇ ಒಂದು ತಿಂಗಳು ತಡವಾಗಿ ಇರ್ಬಹುದು. ಆಗ ಇದು ಇಪ್ಪತ್ತೆಂಟು ವಾರದ, ಆರೋಗ್ಯವಾಗಿರೋ ಮಗು. ಹೊಕ್ಕುಳುಬಳ್ಳೀಲಿ ರಕ್ತ ಹರೀತಿರೋದೂ ಆ ವಯಸ್ಸಿಗೆ ಸರಿಯಾಗೇ ಇದೆ. ಮನೆಗೆ ಹೋಗಿ, ಎರಡು ವಾರ ಬಿಟ್ಟು ಬಂದು ತೋರಿಸಿ."

"ತಾರೀಕು ಸರಿಯಿದ್ರೆ?" ಎಂದು ಅವಳು ಕೇಳಿದಳು.

"ತಾರೀಕು ಸರಿಯಿದ್ರೆ ಮಗುಗೆ ಸಿಗಬೇಕಾದಷ್ಟು ಸಿಗ್ತಾ ಇಲ್ಲ ಅಂತ. ಇದೇ ಹರಿವು ಮೂವತ್ತೆರಡಕ್ಕೆ ಸಾಲಲ್ಲ. ಆಗ ಎರಡು ವಾರ ಕಾಯೋ ಹಾಗಿಲ್ಲ, ಇವತ್ತೇ ಅಡ್ಮಿಟ್ ಮಾಡ್ಕೋಬೇಕು. ಬೇಕಾದ್ರೆ ಬೇಗ ಹೊರಗೆ ತೆಗೀಬೇಕಾಗತ್ತೆ. ಸುಮ್ಮನೆ ಅನುಮಾನಕ್ಕೆ ಇರಿಸ್ಕೊಳ್ಳೋಣ ಅಂದ್ರೆ ವಾರ್ಡಲ್ಲಿ ಹಾಸಿಗೆ ಇಲ್ಲ."

"ಅಯ್ಯೋ, ಮೊದಲನೇದೇ ಸರಿ ಡಾಕ್ಟ್ರೇ!" ಅತ್ತೆ ಎದ್ದೇ ನಿಂತರು. "ಜೀವ ಬಾಯಿಗೆ ಬಂದಿತ್ತು. ಕೇಳಿದ್ಯೇನೇ? ಮಗು ಸಣ್ಣದಲ್ಲ, ನಮ್ಮ ಲೆಕ್ಕ ದೊಡ್ಡದು!" ನರ್ಸಿನ ಕೈಯಿಂದ ಟಿಶ್ಯೂ ಕಸಿದುಕೊಂಡು ಸೊಸೆಯ ಹೊಟ್ಟೆಯ ಜೆಲ್ಲನ್ನು ತಾವೇ ಒರೆಸತೊಡಗಿದರು. ಬಟ್ಟೆಯ ಸುಕ್ಕು ತೆಗೆಯುವವರ ಹಾಗೆ ಉದ್ದುದ್ದಕ್ಕೆ, ಅಂಚಿನವರೆಗೆ. "ಏಳು ತಾಯಿ, ಏಳು. ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಮನೆಗೆ ಹೋಗೋಣ."

ಅವಳು ಎದ್ದು ಕೂತಳು. ಎಷ್ಟು ಸುಲಭವಾಗಿತ್ತು! ಒಂದು ಸಲ ತಲೆಯಾಡಿಸಿದರೆ ಸಾಕು, ನಾಲ್ಕು ವಾರ ಹಿಂದಕ್ಕೆ ಸರಿದು ಮಗು ನೆಟ್ಟಗಾಗಿಬಿಡುತ್ತಿತ್ತು. ಅಂಗಡಿಯಲ್ಲಿ ಕೌಂಟರಿನ ಆಚೆಯ ಚೀಟಿಗಳನ್ನು ತಲೆಕೆಳಗಾಗಿ ಓದಿ ಅಭ್ಯಾಸವಾಗಿದ್ದ ಅವಳ ಕಣ್ಣಿಗೆ, ಡಾಕ್ಟರು ಬರೆಯುತ್ತಿದ್ದುದು ಕಂಡಿತು. ಇಪ್ಪತ್ತೆಂಟು, ಅದರ ಮುಂದೆ ಒಂದು ಪ್ರಶ್ನೆಚಿಹ್ನೆ.

ಮೊದಲ ಮಗು ಹೋದ ವಾರ ಗಂಡ ಒಂದು ಮಾತು ಅಂದಿದ್ದ. ಇಡೀ ದಿನ ಆ ಅಂಗಡೀಲಿ ನಿಂತೇ ಇರ್ತೀಯಲ್ಲ, ಇನ್ನೇನಾಗತ್ತೆ. ಅಷ್ಟೇ. ಅವಳು ಜಗಳವಾಡಲಿಲ್ಲ, ಅಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು. ಕೆಲವು ದಿನಗಳಾದ ಮೇಲೆ ಅವನು ಬೆನ್ನು ನೋವು, ಈ ಹಾಸಿಗೆ ಆಗಿಬರಲ್ಲ ಎಂದು ತಾಯಿಗೆ ಹೇಳಿ ಚಾಪೆಯನ್ನು ನಡುಮನೆಗೆ ಒಯ್ದ. ಹಗಲಲ್ಲಿ ಎಲ್ಲ ಇದ್ದ ಹಾಗೇ ಇತ್ತು. ಹಾಲು ತಂದೆಯಾ, ಬೀಗ ಹಾಕಿದೆಯಾ ಎಂಬ ಮಾತುಗಳಲ್ಲಿ ಮನೆ ನಡೆಯುತ್ತಿತ್ತು.

ಅವನು ಲಿಫ್ಟ್ ಮೆಕ್ಯಾನಿಕ್. ಒಂದು ಮಧ್ಯಾಹ್ನ, ಮಾರ್ಕೆಟ್ಟಿನ ಕಟ್ಟಡದಲ್ಲಿ ಹಗ್ಗ ಜಾರಿ ಲಿಫ್ಟ್ ಎರಡು ಮಹಡಿ ಕೆಳಗೆ ಬಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಹುಡುಗನ ಕಾಲು ಮುರಿಯಿತು. ಇವನು ಒಂದು ಹೆಜ್ಜೆ ಹೊರಗಿದ್ದುದರಿಂದ ಉಳಿದ. ಸುದ್ದಿ ಕೇಳಿ ಅತ್ತೆ ಆ ಹುಡುಗನ ತಾಯಿಯ ಜೊತೆ ಆಸ್ಪತ್ರೆಗೆ ಓಡಿದ್ದರು. ಅವಳು ಅಂಗಡಿಯಿಂದ ಬಂದಾಗ ಗಂಡ ಅಡುಗೆಮನೆಯ ನೆಲದ ಮೇಲೆ ಕೂತಿದ್ದ. ನೀರಿನ ಲೋಟ ಹಿಡಿಯಲಾಗದಷ್ಟು ನಡುಗುತ್ತಿದ್ದ. ಅವಳೇ ಕುಡಿಸಿದಳು. ಅವತ್ತು ಅತ್ತೆ ತಿರುಗಿ ಬರುವವರೆಗೂ ಅವನು ಅವಳ ಕೈ ಬಿಡಲಿಲ್ಲ. ಮರುದಿನ ಅವನು ಮತ್ತೆ ನಡುಮನೆಯಲ್ಲಿ ಚಾಪೆ ಹಾಸಿದ. ಬಸಿರಿನ ವಿಷಯ ತಿಳಿದ ಮೇಲೂ ಹಣ್ಣು ತಂದು ಮೇಜಿನ ಮೇಲಿಡುತ್ತಿದ್ದನೇ ಹೊರತು ಚಾಪೆ ಒಳಗೆ ಬರಲಿಲ್ಲ.

"ಡಾಕ್ಟ್ರೇ, ಬರೀಬೇಡಿ," ಎಂದಳು. "ಪೀರಿಯಡ್ಸ್ ತಾರೀಕು ಗೊತ್ತಿಲ್ಲ. ಬಸಿರು ನಿಂತ ದಿನ ಗೊತ್ತು."

ಡಾಕ್ಟರ ಪೆನ್ನು ನಿಂತಿತು.

"ಅದು ಹೇಗೆ ಗೊತ್ತಾಗತ್ತೆ?" ಅತ್ತೆ ನಕ್ಕರು. "ಗಂಡ ಹೆಂಡ್ತಿ ಇರೋ ಮನೇಲಿ ಇದೇ ದಿನ ಅಂತ ಬೆರಳಿಟ್ಟು ತೋರ್ಸೋಕಾಗತ್ತಾ?"

"ಲಿಫ್ಟ್ ಬಿತ್ತಲ್ಲ ಅತ್ತೆ, ಆ ದಿನ." ಅವಳು ಡಾಕ್ಟರಿಗೆ ತಾರೀಕು ಹೇಳಿದಳು. ಊರಿಗೆಲ್ಲ ಗೊತ್ತಿದ್ದ ತಾರೀಕು ಅದು.

"ಅದಾಗಿ ಒಂದು ತಿಂಗಳು ಬಿಟ್ಟೂ ಆಗಿರ್ಬಹುದಲ್ಲಮ್ಮ," ಡಾಕ್ಟರು ಮೆತ್ತಗೆ ಕೇಳಿದರು. "ಆ ದಿನಾನೇ ಅಂತ ಯಾಕೆ?"

"ಮೊದ್ಲೂ ಇಲ್ಲ, ಆಮೇಲೂ ಇಲ್ಲ."

ನರ್ಸ್ ಪರದೆಯ ಮಡಿಕೆಗಳನ್ನು ಸರಿಪಡಿಸತೊಡಗಿದಳು. ಅತ್ತೆಯ ಮುಷ್ಟಿಯಲ್ಲಿ ಟಿಶ್ಯೂ ಉಂಡೆಯಾಗಿತ್ತು.

"ಒಂದೂವರೆ ವರ್ಷದಿಂದ," ಎಂದರು ಅವರು ಕೊನೆಗೆ, "ದಿನಾ ರಾತ್ರಿ ನಾನು ಅವನ ಬೆನ್ನಿಗೆ ಮುಲಾಮು ತಿಕ್ತಿದ್ದೀನಲ್ಲೇ!"

ಯಾರೂ ನಗಲಿಲ್ಲ. ಡಾಕ್ಟರು ಬಿಲ್ಲೆಯನ್ನು ಎತ್ತಿಕೊಂಡರು. "ನಾವು ವಾರ ಎಣಿಸೋದು ಬಸಿರು ನಿಂತ ದಿನದಿಂದ ಅಲ್ಲ, ಅದಕ್ಕೂ ಎರಡು ವಾರ ಹಿಂದಿನಿಂದ," ಎಂದು ತಮಗೆ ತಾವೇ ಹೇಳಿಕೊಳ್ಳುವಂತೆ ಅಂದು, ಒಳಗಿನ ಬಿಲ್ಲೆಯನ್ನು ತಿರುಗಿಸಿ ನಿಲ್ಲಿಸಿದರು. "ಮೂವತ್ತೆರಡು. ಒಂದೆರಡು ದಿನ ಹೆಚ್ಚೇ." ಇಪ್ಪತ್ತೆಂಟನ್ನು ಹೊಡೆದುಹಾಕಿದರು. "ಸಿಸ್ಟರ್, ಮೇಲಿನ ವಾರ್ಡಿಗೆ ಫೋನ್ ಮಾಡಿ. ಎಲ್ಲಾದ್ರೂ ಒಂದು ಹಾಸಿಗೆ ಬೇಕು ಅನ್ನಿ. ಈಗ್ಲೇ."

ಹಾಸಿಗೆ ಸಿಕ್ಕಿದ್ದು ಕಿಟಕಿಯ ಪಕ್ಕ. ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ಒಂದು ಇಂಜೆಕ್ಷನ್ ಕೊಟ್ಟರು. ಹೊಟ್ಟೆಗೆ ಪಟ್ಟಿ ಬಿಗಿದು ಎದೆಬಡಿತದ ಮೆಷಿನ್ನಿಗೆ ಸೇರಿಸಿದರು. ಅತ್ತೆ ಫೋನು ಹಿಡಿದು ಕಾರಿಡಾರಿಗೆ ಹೋದರು. ಅವರ ಮಾತು ಮೂರು ಕೋಣೆಗಳಾಚೆಗೂ ಕೇಳಬೇಕಿತ್ತು; ಒಂದಕ್ಷರವೂ ಕೇಳಲಿಲ್ಲ. ತಿರುಗಿ ಬಂದು ಕುರ್ಚಿಯಲ್ಲಿ ಕೂತವರು ಬಹಳ ಹೊತ್ತು ಹೊದಿಕೆಯ ಅಂಚನ್ನು ಬೆರಳಿನಿಂದ ತೀಡುತ್ತಿದ್ದರು.

"ನಂಗಾದ್ರೂ ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ ಅತ್ತೆ?"

ಅತ್ತೆ ಹೊದಿಕೆಯ ಅಂಚನ್ನು ಬಿಟ್ಟರು. "ಹೌದು ಬಿಡು," ಎಂದರು. "ಹೇಳಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಅವನನ್ನ ಬೈತಿದ್ದೆ."

ಸಂಜೆಗೆ ಗಂಡ ಕೆಲಸದ ಬಟ್ಟೆಯಲ್ಲೇ ಬಂದು ಬಾಗಿಲಲ್ಲಿ ನಿಂತ. ಒಬ್ಬರೇ ಇರಬೇಕು ಎಂದಳು ವಾರ್ಡಿನ ನರ್ಸ್. ಅತ್ತೆ ಎದ್ದು, ಕುರ್ಚಿಯನ್ನು ಕಾಲಿನಿಂದ ಹಾಸಿಗೆಯ ಹತ್ತಿರಕ್ಕೆ ತಳ್ಳಿದರು. "ಬೆನ್ನು ಕೂರೋಕೆ ಬಿಡತ್ತೋ ಹೇಗೆ?" ಎಂದಷ್ಟೇ ಮಗನಿಗೆ ಹೇಳಿ ಹೊರಟುಹೋದರು.

ಅವನು ಕೂತ. ಮೊಣಕಾಲು ಮಂಚದ ಕಬ್ಬಿಣಕ್ಕೆ ತಾಗಿತು.

"ಎಷ್ಟು ವಾರ ಅಂದ್ರು?"

"ಮೂವತ್ತೆರಡು."

"ಮಗು?"

"ಸಣ್ಣದು. ಬೆಳಿಗ್ಗೆ ಮತ್ತೆ ನೋಡ್ತಾರಂತೆ. ಆಮೇಲೆ ಹೇಳ್ತಾರಂತೆ."

ಅವನು ಏನೋ ಹೇಳಲು ಬಾಯಿ ತೆರೆದ.

"ಈ ಸಲ ಅಂಗಡೀಲಿ ಸ್ಟೂಲ್ ಹಾಕ್ಕೊಂಡಿದ್ದೆ," ಎಂದಳು ಅವಳು, ಕಿಟಕಿಯ ಕಡೆ ನೋಡುತ್ತ. "ಮೊದಲ ದಿನದಿಂದ್ಲೂ. ಕೂತೇ ಕೆಲಸ ಮಾಡಿದ್ದೀನಿ."

ಅವನ ತಲೆ ಬಗ್ಗಿತು. ಮೆಷಿನ್ನಿನೊಳಗಿಂದ ಎದೆಬಡಿತ ಓಡುವ ಸದ್ದು ಬರುತ್ತಿತ್ತು. ಒಮ್ಮೊಮ್ಮೆ ಕ್ಷೀಣಿಸಿ, ಇಬ್ಬರೂ ಉಸಿರು ಹಿಡಿಯುವಷ್ಟರಲ್ಲಿ ಮತ್ತೆ ಸಿಗುತ್ತಿತ್ತು. ಅದರ ಬದಿಯಿಂದ ಬಡಿತದ ಸಣ್ಣ ಗೆರೆಗಳಿದ್ದ ಕಾಗದದ ಪಟ್ಟಿಯೊಂದು ನಿಧಾನವಾಗಿ ಹೊರಬಂದು ಕೆಳಕ್ಕೆ ಇಳಿಯುತ್ತಿತ್ತು. ಅವನು ಕುರ್ಚಿಯಿಂದ ಮುಂದಕ್ಕೆ ಬಾಗಿ ಅದರ ಕೆಳಗೆ ಅಂಗೈ ಚಾಚಿದ. ಪಟ್ಟಿ ಉದ್ದವಾದಂತೆಲ್ಲ, ನೆಲಕ್ಕೆ ತಾಗದ ಹಾಗೆ, ಗೆರೆ ಮುರಿಯದ ಹಾಗೆ, ಎರಡೂ ಕೈಗಳಲ್ಲಿ ತೆಗೆದುಕೊಳ್ಳುತ್ತ ಕೂತ.